ಚಪ್ಪಲಿ ಬಿಡುವ ಜಾಗ

ಕಾಶವ್ವನ ಟೇಬಲ್ಲನ್ನು ಗೇಟಿನ ಹೊರಗೆ ಹಾಕಿದ್ದರು.

ಒಳಗೆ ಉಪ್ಪಿನಕಾಯಿಯವರಿಗೆ ಜಾಗವಿತ್ತು. ಸೀರೆಯವರಿಗಿತ್ತು. ಊದುಬತ್ತಿ, ಹಪ್ಪಳ, ಬಳೆ ಮಾರುವವರಿಗಿತ್ತು. ಮೊಬೈಲ್ ಕವರ್ ಮಾರುವವನೂ ಫ್ಯಾನಿನ ಕೆಳಗೆ ಆರಾಮವಾಗಿ ಕೂತಿದ್ದ. ಕಾಶವ್ವ ತಂದದ್ದು ತೊಗಲಿನ ಚಪ್ಪಲಿ. ಕಾಂದಿವಲಿಯ ಆ ಕಾಲೊನಿಯ ಹಾಲ್ ಗುಡಿಗೆ ಅಂಟಿಕೊಂಡಿದೆ. ಗುಡಿಯ ಅಂಗಳ ದಾಟಿಯೇ ಹಾಲಿಗೆ ಹೋಗಬೇಕು. ಅಂಗಳದೊಳಗೆ ತೊಗಲು ಬರಬಾರದು. ಮೇಳ ನಡೆಸುವ ಕಮಿಟಿಯ ಮಾಧುರಿ ಮೇಡಂ ಇದನ್ನು ನಗುನಗುತ್ತಲೇ ಹೇಳಿದರು.

"ಬ್ಯಾಸರ ಮಾಡ್ಕೋಬ್ಯಾಡ್ರಿ ಕಾಶವ್ವಾ. ಗೇಟಿನ ಹತ್ರ ಅಂದ್ರ ಬಂದವರ ಕಣ್ಣಿಗೆ ಮೊದಲ ನೀವೇ ಬೀಳ್ತೀರಿ. ನಿಮಗೇ ಛಲೋ."

ಕಾಶವ್ವ ನಂಬಿದಳು. ನಂಬದೆ ಏನು ಮಾಡಬೇಕು? ಎರಡು ಗೋಣಿಚೀಲ ಹೊತ್ತು ಧಾರಾವಿಯಿಂದ ಮಾಹಿಮ್ ಸ್ಟೇಶನ್ನಿಗೆ ನಡೆದು, ಲೋಕಲ್‌ನಲ್ಲಿ ಜನರ ಮೊಣಕೈ ಪೆಟ್ಟು ತಿಂದು ಬಂದವಳು. ಗಂಡ ಶೆಟ್ಟೆಪ್ಪನಿಗೆ ನಡ ಹಿಡಿದಿತ್ತು, ಅವನು ಮನೆಯಲ್ಲೇ ಉಳಿದಿದ್ದ. ಜೊತೆಗೆ ಬಂದವಳು ಮಗಳು ವೈಶಾಲಿ. ಮಲಾಡಿನ ಒಂದು ಆಫೀಸಿನಲ್ಲಿ ಅವಳು ಕಂಪ್ಯೂಟರ್ ಮುಂದೆ ಕೂರುತ್ತಾಳೆ. ಅದೇ ಆಫೀಸಿನಲ್ಲಿ ಮಾಧುರಿ ಮೇಡಂ ಅವಳಿಗಿಂತ ಮೇಲಿನವರು, ಧಾರವಾಡದವರು. ಇಬ್ಬರ ನಡುವೆ ಕನ್ನಡ ಇತ್ತು. ಆ ಕನ್ನಡದ ದಾರಿಯಲ್ಲೇ ಈ ಟೇಬಲ್ ಬಂದಿತ್ತು.

ಟೇಬಲ್ಲಿನ ಹಿಂದೆ ಒಂದು ಬ್ಯಾನರ್ ಕಟ್ಟಿದ್ದರು. ಕಾಶವ್ವನಿಗೆ ಓದು ಬಾರದು.

"ಏನ ಬರದಾರ?"

"ನಮ್ಮ ಧರ್ಮದವರ ದುಕಾನ್‌ನಿಂದಾನೇ ಖರೀದಿ ಮಾಡಿ, ಅಂತ."

"ನಮ್ಮ ಅಂದ್ರ, ನಾವೂ ಬಂದ್ವೇನ?"

"ಬಂದ್ವಿ ಅವ್ವಾ. ಹಮ್ ಭೀ" ಎಂದಳು ವೈಶಾಲಿ. ಅವಳ ಮುಖದಲ್ಲಿ ಖುಷಿ ಇತ್ತು. ಕಾಶವ್ವನಿಗೂ ಒಳಗೊಳಗೆ ಖುಷಿಯಾಯಿತು. ಅದನ್ನು ಮುಚ್ಚಿಡುವುದೇಕೆ? ಯಾರೂ ಅವಳನ್ನು ಅಷ್ಟು ಸಲೀಸಾಗಿ ನಮ್ಮವಳು ಎಂದಿರಲಿಲ್ಲ.

ಇನ್ನೊಂದು ಆಸೆಯೂ ಇತ್ತು. ಧಾರಾವಿಯ ಒಂದೇ ಖೋಲಿಯಲ್ಲಿ ಶೆಟ್ಟೆಪ್ಪ ತೊಗಲು ಕತ್ತರಿಸುತ್ತಾನೆ, ಕಾಶವ್ವ ಹೆಣೆಯುತ್ತಾಳೆ, ಹೊಲಿಯುತ್ತಾಳೆ. ಹಸಿ ಮಾಡಿದ ತೊಗಲಿನ ಎಳೆಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದೆಳೆದು ಅವಳ ಮುಂದಿನ ಹಲ್ಲು ಸವೆದಿವೆ. ಹೆಬ್ಬೆರಳಿನ ಉಗುರು ಎಂದೋ ಹೋಯಿತು, ಮತ್ತೆ ಸರಿಯಾಗಿ ಬೆಳೆಯಲಿಲ್ಲ. ಇಷ್ಟಾಗಿ ಚಪ್ಪಲಿ ತಯಾರಾದರೆ ಮೇನ್ ರೋಡಿನ ಅಂಗಡಿಯವರು ಒಯ್ದು ಅಟ್ಟೆಯ ಮೇಲೆ ತಮ್ಮ ಹೆಸರು ಒತ್ತುತ್ತಾರೆ. ತಾನು ಮಾಡಿದ ಚಪ್ಪಲಿ ಯಾರ ಕಾಲಿಗೆ ಹೋಯಿತೆಂದು ಕಾಶವ್ವ ಒಮ್ಮೆಯೂ ಕಂಡಿಲ್ಲ. ಕಾಲೊನಿಯವರು ಹೊಸದಾಗಿ ಸ್ಟಾಲಿನ ಸಾಲು ಕಟ್ಟುತ್ತಿದ್ದಾರೆ, ಮೇಳದಲ್ಲಿ ಚೆನ್ನಾಗಿ ನಡೆದವರಿಗೆ ಅದರಲ್ಲಿ ಕಾಯಂ ಜಾಗ ಎಂದು ಮಾಧುರಿ ಮೇಡಂ ಮಾತು ಕೊಟ್ಟಿದ್ದರು. ಸ್ವಂತ ಸ್ಟಾಲು. ಗಿರಾಕಿ ಬಂದು ಎದುರಿಗೆ ಕೂತು ಕಾಲು ಚಾಚುತ್ತಾನೆ. ಕಾಶವ್ವ ಅಷ್ಟಕ್ಕೇ ಬಂದಿದ್ದಳು.

ಬಿಸಿಲೇರುವ ಹೊತ್ತಿಗೆ ಜನ ಬರತೊಡಗಿದರು. ಮೊದಲು ಬಂದವಳು ರೇಷ್ಮೆ ಸೀರೆಯ ಹೆಂಗಸು. ಕಾಶವ್ವ ಎದ್ದು ನಿಂತಳು. ಕೆಂಪು ಗೊಂಡೆಯ ಒಂದು ಜೋಡಿಯನ್ನು ಕೈಗೆತ್ತಿಕೊಂಡಳು. ಹೆಂಗಸು ತನ್ನ ಕಾಲಿನ ಚಪ್ಪಲಿ ಕಳಚಿ ಟೇಬಲ್ಲಿನ ಕೆಳಗೆ ತಳ್ಳಿದಳು.

"ಸಂಭಾಲ್ ಕೇ ರಖನಾ, ಮಾವಶಿ" ಎಂದು ಕಾಯಲು ಹೇಳಿ ಒಳಗೆ ನಡೆದಳು.

ಅವಳ ಹಿಂದಿದ್ದವರೂ ಬಿಟ್ಟರು. ಆಮೇಲೆ ಬಂದವರು ಮೊದಲಿನವರು ಬಿಟ್ಟದ್ದನ್ನು ನೋಡಿ ಬಿಟ್ಟರು. ಗುಡಿಯ ಗೇಟಿನಲ್ಲಿ ಕಪ್ಪು ಹೆಂಗಸೊಬ್ಬಳು ಚಪ್ಪಲಿಗಳ ನಡುವೆ ಕೂತಿದ್ದರೆ ಜನ ಬೇರೇನು ತಿಳಿಯುತ್ತಾರೆ? ಗಂಡಸರು ಬೆಲ್ಟ್ ಬಿಚ್ಚಿ ಸುರುಳಿ ಸುತ್ತಿ ಟೇಬಲ್ಲಿನ ಮೇಲೆ, ಮಾರಾಟಕ್ಕಿಟ್ಟ ಹೊಸ ಚಪ್ಪಲಿಗಳ ಮೇಲೆಯೇ ಇಟ್ಟರು. ಒಬ್ಬ ಹುಡುಗಿ ಟೋಕನ್ ಕೇಳಿದಳು. ವೈಶಾಲಿ ರಟ್ಟಿನ ಮೇಲೆ ದೊಡ್ಡದಾಗಿ 'ಫಾರ್ ಸೇಲ್' ಎಂದು ಬರೆದು ನಿಲ್ಲಿಸಿದಳು. ಸ್ವಲ್ಪ ಹೊತ್ತಿಗೆ ಅದರ ಮೇಲೂ ಯಾರದೋ ಸ್ಯಾಂಡಲ್ ಬಂತು.

ಇಲ್ಲಿ ಕಾಶವ್ವ ಒಂದು ತಪ್ಪು ಮಾಡಿದಳು. ಮುದುಕನೊಬ್ಬ ಬಿಟ್ಟುಹೋದ ಚಪ್ಪಲಿಯ ಉಂಗುಟ ಕಿತ್ತಿತ್ತು. ಕಿತ್ತ ಉಂಗುಟ ಕಂಡರೆ ಅವಳ ಕೈ ಸುಮ್ಮನಿರುವುದಿಲ್ಲ. ಸೆರಗಿನ ಮರೆಯಲ್ಲಿದ್ದ ಚೀಲದಿಂದ ಹೊಲಿಯುವ ಆರಿ ತೆಗೆದಳು, ಚುಚ್ಚಿದಳು, ಎಳೆದಳು, ಗಂಟು ಹಾಕಿದಳು. ಏನು ಮಾಡುತ್ತಿದ್ದೇನೆ ಎಂಬ ಪರಿವೆಯೂ ಅವಳಿಗಿರಲಿಲ್ಲ. ಮುದುಕ ಹೊರಗೆ ಬಂದು ಕಾಲಿಟ್ಟು ನೋಡಿದ. ಹಿಗ್ಗಿಹೋದ. ಎರಡೂ ಕೈ ಎತ್ತಿ ಆಶೀರ್ವಾದ ಮಾಡಿದ. ಒಳಗೆ ಹೋಗಿ ಕಂಡಕಂಡವರಿಗೆಲ್ಲ ಹೇಳಿದ.

ಸ್ವಲ್ಪ ಹೊತ್ತಿನಲ್ಲೇ ಮೈಕಿನಲ್ಲಿ ಕೇಳಿಸಿತು. ಗೇಟಿನ ಬಳಿ ನಮ್ಮ ಒಬ್ಬ ಭಗಿನಿ ಉಚಿತ ರಿಪೇರಿ ಸೇವೆ ಮಾಡುತ್ತಿದ್ದಾರೆ, ಎಲ್ಲರೂ ಲಾಭ ಪಡೆಯಿರಿ!

ಪಡೆದರು. ಕಾಲೊನಿಯ ಬಿಲ್ಡಿಂಗುಗಳಿಂದ ಜನ ಪ್ಲಾಸ್ಟಿಕ್ ಚೀಲದಲ್ಲಿ ಹಳೆ ಚಪ್ಪಲಿ, ಮಕ್ಕಳ ಸ್ಕೂಲ್ ಬೂಟು, ಸವೆದ ಅಟ್ಟೆ, ಹರಿದ ಪಟ್ಟಿ ಎಲ್ಲ ಹಿಡಿದುಕೊಂಡು ಇಳಿದರು. ಸಾಲು ಹಚ್ಚಿದರು. ಯಾರೂ ಅವಳ ಕೈಗೆ ಕೊಡಲಿಲ್ಲ, ಎದುರಿಗೆ ನೆಲಕ್ಕೆ ಹಾಕಿದರು. ಒಬ್ಬಾಕೆ ಹೊಲಿದುಕೊಟ್ಟದ್ದನ್ನು ಎರಡು ಬೆರಳಲ್ಲಿ ಎತ್ತಿ ನಳದ ಕೆಳಗೆ ತೊಳೆದಳು. ಕಾಶವ್ವ ಹೊಲಿದಳು. ಬೇಡ ಎನ್ನಲು ಬಾಯಿ ಬರಲಿಲ್ಲ. ಬೇಡ ಎಂದರೆ ಸ್ಟಾಲು ಹೋಗುತ್ತದೆ ಎಂಬ ಹೆದರಿಕೆ ಬಾಯಿ ಕಟ್ಟಿತ್ತು. ಸೊಂಟ ಹರಿದುಹೋಗುವಂತೆ ನೋಯುತ್ತಿತ್ತು. ಹಳೆಯದು ಪುಕ್ಕಟೆ ರಿಪೇರಿಯಾಗುವಾಗ ಹೊಸದನ್ನು ಯಾರು ಕೊಳ್ಳುತ್ತಾರೆ? ಅವಳ ಗೋಣಿಚೀಲ ತಂದ ಹಾಗೇ ಇತ್ತು. ಊಟದ ಹೊತ್ತಿಗೆ ಎಲ್ಲರೂ ಒಳಗೆ ಪಂಕ್ತಿಯಲ್ಲಿ ಕೂತರು. ತಾಯಿಮಗಳ ಪಾಲು ಗೇಟಿಗೇ ಬಂತು.

"ಅವ್ವಾ, ಥೋಡಾ ಅಡ್ಜಸ್ಟ್ ಮಾಡು. ಒಂದು ದಿವಸ ಅಷ್ಟೇ" ಎಂದಳು ವೈಶಾಲಿ. ಹಾಗೆನ್ನುವಾಗ ಅವಳು ತಾಯಿಯ ಮುಖ ನೋಡಲಿಲ್ಲ.

ಊಟವಾದ ಮೇಲೆ ಭಾಷಣ. ದಪ್ಪ ದನಿಯ ಒಬ್ಬ ಹಿಂದಿಯಲ್ಲಿ ಕೂಗುತ್ತಿದ್ದ. ಹಣ್ಣು ಕೊಳ್ಳುವ ಮೊದಲು ಹಣ್ಣಿನವನ ಹೆಸರು ಕೇಳಿ. ಬಟ್ಟೆ ಕೊಳ್ಳುವ ಮೊದಲು ದರ್ಜಿಯ ಹೆಸರು ಕೇಳಿ. ಅವರಿಂದ ಕೊಳ್ಳಬೇಡಿ, ಅವರಿಗೆ ಮಾರಬೇಡಿ. ಒಂದು ತಿಂಗಳು ಹೊಟ್ಟೆಗೆ ಪೆಟ್ಟು ಬಿದ್ದರೆ ತಾವಾಗಿಯೇ ಜಾಗ ಖಾಲಿ ಮಾಡುತ್ತಾರೆ. ಜನ ಚಪ್ಪಾಳೆ ತಟ್ಟಿದರು.

ಕಾಶವ್ವನ ಕೈಯ ಆರಿ ನಿಂತಿತು. ಹೊಟ್ಟೆಗೆ ಪೆಟ್ಟು ಬಿದ್ದರೆ ಏನಾಗುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅಥಣಿ ಕಡೆಯ ಒಂದು ಹಳ್ಳಿಯ ಮಾದರ ಓಣಿಯಲ್ಲಿ ಹುಟ್ಟಿದವಳು ಅವಳು. ಒಮ್ಮೆ ಗೌಡರ ಎಮ್ಮೆ ಸತ್ತಿತ್ತು. ಎಳೆದುಕೊಂಡು ಹೋಗಿ ಸುಲಿಯಲು ಅವಳ ಅಪ್ಪನಿಗೆ ಹೇಳಿಕಳಿಸಿದರು. ಅಪ್ಪ ಬರುವುದಿಲ್ಲ ಎಂದ. ಇನ್ನು ಮೇಲೆ ಯಾರ ಮನೆಯ ಸತ್ತ ದನಕ್ಕೂ ಬರುವುದಿಲ್ಲ ಎಂದ. ಮರುದಿನ ಗಿರಣಿಯವನು ಇವರ ಜೋಳ ಬೀಸಲಿಲ್ಲ. ಕಿರಾಣಿ ಅಂಗಡಿಯವನು ಉಪ್ಪು ಕೊಡಲಿಲ್ಲ. ಹಾಲು ಹಾಕುವವಳು ಓಣಿಗೆ ಬರಲಿಲ್ಲ. ಊರಿಗೆ ಊರೇ ಒಂದು ಮಾತು ಆಡಿಕೊಂಡಿತ್ತು. ಊರವರೂ ಅದೇ ಹನುಮಪ್ಪನಿಗೆ ಕೈ ಮುಗಿಯುವವರು. ಅವರು ಒಳಗೆ ನಿಂತು ಮುಗಿಯುತ್ತಿದ್ದರು, ಇವರು ಬೀದಿಯಲ್ಲಿ ನಿಂತು ಮುಗಿಯುತ್ತಿದ್ದರು, ಅಷ್ಟೇ. ತಾಯಿ ರಾಚವ್ವ ಜೋಳದ ಗಂಟು ತಲೆ ಮೇಲಿಟ್ಟುಕೊಂಡು ಪಕ್ಕದೂರಿಗೆ ನಡೆದು ಬೀಸಿಸಿಕೊಂಡು ಬರುತ್ತಿದ್ದಳು. ಕಡೆಗೆ ಆ ಊರಿನ ಗಿರಣಿಯವನಿಗೂ ಮಾತು ಮುಟ್ಟಿತು. ಆಮೇಲೆ ಇವರು ಊರು ಬಿಟ್ಟು ಮುಂಬೈಗೆ ಬಂದರು. ತಾವಾಗಿಯೇ ಜಾಗ ಖಾಲಿ ಮಾಡಿದರು.

"ಕಾಶವ್ವಾ!" ಮಾಧುರಿ ಮೇಡಂ ಬಂದು ನಿಂತಿದ್ದರು. ಪಕ್ಕದಲ್ಲಿ ಕಮಿಟಿಯ ಒಬ್ಬ ಗಂಡಸು. "ನಿಮ್ಮ ಸ್ಟಾಲ್ ಹಿಟ್ ಆತು ನೋಡ್ರಿ. ಎಲ್ಲಾರೂ ಭಾಳ ಖುಷ್ ಅದಾರ. ಕಾಯಂ ಜಾಗ ನಿಮಗ ಫಿಕ್ಸ್."

ಕಾಶವ್ವ ತಲೆ ಎತ್ತಿದಳು. "ಚಪ್ಪಲಿ ಮಾರಾಕೇನ್ರಿ ಬಾಯಾರ?"

"ಮಾರ್ರಿ. ರಿಪೇರಿನೂ ಮಾಡ್ರಿ. ಈಗ ಸ್ಟೇಜಿನ ಮ್ಯಾಲೆ ಎಲ್ಲಾ ಸ್ಟಾಲಿನವರೂ ಪ್ರಮಾಣ ಮಾಡ್ತಾರ. ಮಾರೋದೂ ನಮ್ಮವರಿಗೆ, ತಗೊಳ್ಳೋದೂ ನಮ್ಮವರ ಕಡೆಯಿಂದ. ನೀವು ಇಲ್ಲೇ ನಿಂತು ಕೈ ಎತ್ತಿದ್ರ ಸಾಕು. ಹೌದಲ್ಲ, ನೀವು ತೊಗಲು ಯಾರ ಹತ್ರ ತರ್ತೀರಿ?"

"ಧಾರಾವಿಯಾಗ ಲಾಲಸಾಬನ ಹತ್ರ."

ಮೇಡಂ ಕಮಿಟಿಯವನ ಮುಖ ನೋಡಿದರು. "ಅದು ಬಂದ್ ಮಾಡಬೇಕಾಗ್ತದ ನೋಡ್ರಿ."

ಲಾಲಸಾಬ ಏನು ಕಾಶವ್ವನ ಪಾಲಿನ ದೇವರಲ್ಲ. ವಿಜಯಪುರ ಕಡೆಯ ಮನುಷ್ಯ, ಬಾಯಿ ತುಂಬ ಬೈಗುಳ. ತೂಕ ಹೆಚ್ಚಲೆಂದು ತೊಗಲಿಗೆ ನೀರು ಚಿಮುಕಿಸುತ್ತಾನೆ. ಆದರೆ ಅವಳು ಕೂತು ಎದ್ದ ಜಾಗವನ್ನು ಅವನು ತೊಳೆದದ್ದಿಲ್ಲ. ಆದರೂ ಆ ಹೊತ್ತಿಗೆ ಕಾಶವ್ವ ಸ್ಟಾಲನ್ನೇ ಆರಿಸಿಕೊಂಡಳು. ಇದ್ದದ್ದು ಇದ್ದ ಹಾಗೇ ಹೇಳಬೇಕು.

"ಬಂದ್ ಮಾಡತೀನ್ರಿ. ನಮ್ಮವರೊಳಗ ತೊಗಲು ಮಾರೋರು ಎಲ್ಲಿ ಅದಾರ ಹೇಳ್ರಿ. ಅಲ್ಲೇ ಹೋಗಿ ತರತೀನಿ."

ಅವಳು ಕುಹಕವಾಡಲಿಲ್ಲ. ನಿಜವಾಗಿಯೇ ಕೇಳಿದಳು. ಮೇಡಂ ತಡವರಿಸಿದರು.

"ನಮ್ಮವರು ಹಂಗ... ಆ ಕೆಲಸ ಮಾಡಂಗಿಲ್ಲ."

"ಮತ್ತ?"

ಮೇಡಂ ಸ್ವಲ್ಪ ಯೋಚಿಸಿದರು. ಆಮೇಲೆ ಅವರ ಮುಖ ಅರಳಿತು. "ಮೊದಲ ಊರಾಗ ನಿಮ್ಮವರೇ ಮಾಡ್ತಿದ್ರಲ್ಲಾ ಕಾಶವ್ವಾ? ಸತ್ತ ದನ ಸುಲಿಯೋದು, ಹದ ಮಾಡೋದು ಎಲ್ಲಾ. ನೀವೇ ಮಂದಿ ಮತ್ತ ಶುರು ಮಾಡ್ರಿ. ಎಲ್ಲಾ ನಮ್ಮ ನಮ್ಮೊಳಗೇ ಆಗ್ತದ. ಕಮಿಟಿಯಿಂದ ಸಹಾಯನೂ ಕೊಡಸ್ತೀನಿ."

ಬೈಗುಳವಾಗಿ ಹೇಳಲಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅದನ್ನೇ ಕಾಶವ್ವನಿಗೆ ತಡೆದುಕೊಳ್ಳಲಾಗಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಎದ್ದು ನಿಂತಳು.

"ಅದನ್ನ ಬಿಟ್ಟದ್ದಕ್ಕ ನಮ್ಮಪ್ಪಗ ಊರು ಬಿಡಸಿದ್ರಿ. ಈಗ ಧರ್ಮದ ಹೆಸರಿಲೆ ಮತ್ತ ಹಿಡೀ ಅಂತೀರಿ?"

"ಅಯ್ಯೋ, ನಾವಲ್ಲ ಕಾಶವ್ವಾ. ಅವರ್ಯಾರೋ..."

"ಅವರ್ಯಾರೋ ಅಲ್ರಿ. ಮುಂಜಾನಿಂದ ನಮ್ಮವರು ನಮ್ಮವರು ಅನ್ನಾಕತ್ತೀರಲ್ಲ, ಅವರೇ."

ಕಮಿಟಿಯವನಿಗೆ ಕನ್ನಡ ತಿಳಿಯಲಿಲ್ಲ. ಅವಳ ಕೈಯಲ್ಲಿ ಅರ್ಧ ಹೊಲಿದಿದ್ದ ಬೂಟು ಅವನದು. "ಮಾವಶಿ, ವೋ ಪೂರಾ ಕರ್ ದೋ ಪೆಹಲೇ" ಎಂದು ಅದನ್ನು ಮುಗಿಸಿಕೊಡಲು ಹೇಳಿದ. ಕಾಶವ್ವ ಆರಿಯನ್ನು ಹೊರಗೆಳೆದಳು. ದಾರ ಜೋತಾಡುತ್ತಿದ್ದ ಬೂಟನ್ನು ಅವನ ಕಾಲ ಬಳಿ ಒಗೆದಳು.

"ಇವರಿಗೆ ಹೇಳ್ರಿ ಬಾಯಾರ. ನಮ್ಮವರ ಕಡೆ ಹೊಲಿಸ್ಕೋ ಅನ್ರಿ."

ಗೋಣಿಚೀಲ ಕಟ್ಟಿದಳು. ಬೆಳಗಿನಿಂದ ಜೋಡಿ ಜೋಡಿಯಾಗಿ ಸಾಲು ಹಿಡಿಸಿಟ್ಟಿದ್ದ ಜನರ ಚಪ್ಪಲಿಗಳು ಅವಳ ದಾರಿಗೆ ಅಡ್ಡವಾಗಿದ್ದವು. ಬಾಗಿ ಸರಿಸಲಿಲ್ಲ. ಕಾಲಿನಿಂದ ದಬ್ಬಿದಳು. ಒಂದು ಸಲ, ಎರಡು ಸಲ, ಸಾಲು ಪೂರ್ತಿ ಕಲಸಿಹೋಗುವ ತನಕ. ಹಿಂದೆ ಯಾರೋ ಕೂಗಿದರು, ಯಾರೋ ಅವಳ ಜಾತಿ ಹಿಡಿದು ಬೈದರು. ಇಡೀ ದಿನ ಯಾರೂ ಆಡದ ಆ ಹೆಸರು ಆಗ ಸಲೀಸಾಗಿ ಬಾಯಿಗೆ ಬಂತು.

ಲೋಕಲ್‌ನಲ್ಲಿ ಗೋರೆಗಾಂವ್ ದಾಟುವಾಗ ವೈಶಾಲಿ ತಾಯಿಯ ಕಡೆ ತಿರುಗಿದಳು.

"ಸ್ಟಾಲ್ ಸಿಗ್ತಿತ್ತು ಅವ್ವಾ."

"ಸಿಗತಿತ್ತು."

"ಕಲ್ ಆಫೀಸ್‌ನಲ್ಲಿ ನಾನು ಅವರ ಸಾಮನೇ ಹೆಂಗ ಕೂಡ್ಲಿ?"

ಕಾಶವ್ವ ಮಗಳ ಕೈ ಹಿಡಿಯಲು ಹೋದಳು. ಮಗಳು ಕೈ ಎಳೆದುಕೊಂಡಳು. ಗೋಣಿಚೀಲದ ಮೇಲೆ ತಲೆಯಿಟ್ಟು ಕಾಶವ್ವ ಅತ್ತಳು. ಅವಳಿಗೂ ಆ ಸ್ಟಾಲು ಬೇಕಾಗಿತ್ತು. ತುಂಬ ಬೇಕಾಗಿತ್ತು.

ಮರುದಿನ ಮುಂಜಾನೆ ತೊಗಲು ತರಲು ಖಾಲಿ ಚೀಲ ಹಿಡಿದು ಲಾಲಸಾಬನ ಗೋಡೌನಿಗೆ ಹೋದಳು. ಸಣ್ಣ ಗಲ್ಲಿ, ಎರಡೂ ಬದಿಗೆ ಒಟ್ಟಿದ ತೊಗಲು, ಮೂಗಿಗೆ ಹೊಡೆಯುವ ವಾಸನೆ. ಬೆಲ್ಟ್ ಮಾಡುವವರು, ಪರ್ಸ್ ಮಾಡುವವರು ನಾಲ್ಕೈದು ಜನ ತಕ್ಕಡಿಯ ಎದುರು ನಿಂತಿದ್ದರು. ಲಾಲಸಾಬ ಅವಳನ್ನು ನೋಡಿಯೂ ನೋಡದವನಂತೆ ಬೇರೆಯವರಿಗೆ ತೂಗಿದ. ಅವಳ ಪಾಳಿ ಬಂತು. ಹೋಯಿತು.

"ನನಗೂ ತೂಗೋ ಅಣ್ಣಾ."

"ಇಲ್ಲ ಕಾಶವ್ವಾ. ನಿನಗ ಮಾಲ ಇಲ್ಲ."

"ಇಷ್ಟ ಬಿದ್ದೈತಲ್ಲ, ಏನಿದು?"

"ನಿನ್ನೆ ರಾತ್ರಿ ಮೊಹಲ್ಲಾದಾಗ ಮೀಟಿಂಗ್ ಆಗೇತಿ. ಆ ಮೇಳಕ್ಕ ಹೋಗಿ ಕುಂತವರಿಗೆ ಯಾರೂ ಮಾಲ ಕೊಡಬಾರದು ಅಂತ. ನಮ್ಮ ಹೊಟ್ಟಿ ಮ್ಯಾಲೆ ಹೊಡಿಯಾಕ ನಿಂತವರಿಗೆ ನಾವ್ಯಾಕ ಮಾರಬೇಕು?"

"ನಾ ಎದ್ದು ಬಂದೀನೋ! ಬೂಟು ಅವರ ಕಾಲಾಗ ಒಗದು ಬಂದೀನಿ!"

"ಎದ್ದದ್ದು ಯಾರ ನೋಡ್ಯಾರ?" ಲಾಲಸಾಬ ಜೇಬಿನಿಂದ ಮೊಬೈಲ್ ತೆಗೆದು ಅವಳ ಮುಖಕ್ಕೆ ಹಿಡಿದ. ಮೇಳದ ಫೋಟೊ, ಬ್ಯಾನರಿನ ಕೆಳಗೆ ತಲೆ ಬಗ್ಗಿಸಿ ಹೊಲಿಯುತ್ತಿರುವ ಕಾಶವ್ವ. "ಕುಂತದ್ದು ಎಲ್ಲಾರೂ ನೋಡ್ಯಾರ."

ನಿಂತವರೆಲ್ಲ ಅವಳನ್ನೇ ನೋಡುತ್ತಿದ್ದರು. ಅವರ ಮುಖದಲ್ಲಿ ಸಿಟ್ಟಿತ್ತು. ಆ ಸಿಟ್ಟು ಸುಳ್ಳಿನದಲ್ಲ, ಅವರಿಗೂ ಹೊಟ್ಟೆ ಇದೆ, ಅದು ಕಾಶವ್ವನಿಗೆ ಗೊತ್ತಿತ್ತು. ಆದರೆ ಮನೆಯಲ್ಲಿ ಕತ್ತರಿಸಲು ಒಂದು ತುಂಡು ತೊಗಲಿರಲಿಲ್ಲ. ಶೆಟ್ಟೆಪ್ಪ ನಡಕ್ಕೆ ಬಟ್ಟೆ ಬಿಗಿದುಕೊಂಡು ಕಾಯುತ್ತ ಕೂತಿದ್ದ. ಅವಳು ಕದಲದೆ ನಿಂತಳು.

ಲಾಲಸಾಬನಿಗೆ ಕಸಿವಿಸಿಯಾಯಿತು. ಎಷ್ಟೆಂದರೂ ಹಳೆಯ ಗಿರಾಕಿ. ಅವಳನ್ನು ಗೋಡೆಯ ಬದಿಗೆ ಕರೆದು ದನಿ ತಗ್ಗಿಸಿದ.

"ಕೇಳಿಲ್ಲೆ. ಸಂಜಿಮುಂದ ಹಿಂದಿನ ಬಾಗಲಿಗೆ ಬಾ. ಚೀಲದಾಗ ಕಟ್ಟಿ ಇಟ್ಟಿರತೀನಿ. ಯಾರಿಗೂ ಕಾಣದಂಗ ಒಯ್ಯಿ. ನಿನಗೂ ಛಲೋ, ನನಗೂ ಛಲೋ."

ಕಾಶವ್ವ ಒಂದು ಗಳಿಗೆ ಅವನ ಮುಖ ನೋಡಿದಳು. ಅವನು ದಯೆಯಿಂದಲೇ ಹೇಳುತ್ತಿದ್ದ. ಎಲ್ಲರೂ ದಯೆಯಿಂದಲೇ ಹೇಳುತ್ತಾರೆ.

"ನಮ್ಮೂರ ಕಿರಾಣಿಯವನೂ ನಮ್ಮವ್ವನ್ನ ಹಿತ್ತಲಿಗೆ ಕರದಿದ್ದ ಲಾಲಸಾಬಣ್ಣಾ" ಎಂದಳು. ದನಿ ತಗ್ಗಿಸಲಿಲ್ಲ. ಗಲ್ಲಿಗೆಲ್ಲ ಕೇಳುವಂತೆ ಹೇಳಿದಳು. "ಉಪ್ಪು ಕೊಡತೀನಿ, ಯಾರಿಗೂ ಹೇಳಬ್ಯಾಡ ಅಂದ. ಹುಡುಗರು ಅಳತಿದ್ವು. ಹೋದಳು ನಮ್ಮವ್ವ. ಕತ್ತಲಾಗ ಹೋಗಿ, ಸೆರಗೊಡ್ಡಿ ಇಸಕೊಂಡು ಬಂದಳು. ನಾ ಹೋಗಾಂಗಿಲ್ಲ."

"ಹುಚ್ಚವ್ವಾ, ನನ್ನ ಮಂದಿ ನನಗ ಏನಂತಾರ?"

"ನನ್ನ ಮಂದಿ ಯಾರು ಹೇಳು. ನಿನ್ನೆ ದಿನಾಪೂರ್ತಿ ಹುಡುಕಿ ಬಂದೀನಿ."

ಕಾಶವ್ವ ಒಟ್ಟಿದ ತೊಗಲಿನ ಬಳಿ ಹೋದಳು. ಮೇಲಿನ ದಪ್ಪ ತೊಗಲನ್ನು ಎರಡೂ ಕೈಯಿಂದ ಎಳೆದಳು. ಅದು ಭಾರವಿತ್ತು, ಸೊಂಟದಲ್ಲಿ ನಿನ್ನೆಯ ನೋವು ಹಾಗೇ ಇತ್ತು. ನಿಂತವರ ನಡುವೆ ನೆಲದ ಮೇಲೆ ದರದರ ಎಳೆದುಕೊಂಡು ಬಂದು ತಕ್ಕಡಿಯ ತಟ್ಟೆಗೆ ಎತ್ತಿ ಹಾಕಿದಳು. ತಟ್ಟೆ ದಡ್ ಎಂದು ನೆಲಕ್ಕೆ ಬಡಿಯಿತು.

"ತೂಗು" ಎಂದಳು. "ಹಗಲಾಗ ತೂಗು. ಎಲ್ಲಾರ ಮುಂದ ತೂಗು. ಕೊಡಾಂಗಿಲ್ಲ ಅಂದ್ರ ಅದನ್ನೂ ಎಲ್ಲಾರ ಮುಂದ ಹೇಳು."

ಹಿಂದಿನಿಂದ ಒಬ್ಬ, "ಎ ಬಾಯಿ, ಬಾಜು ಹಟ್" ಎಂದ. ಇನ್ನೊಬ್ಬ ಅವಳ ಚೀಲವನ್ನು ಕಾಲಿನಿಂದ ಸರಿಸಿದ. ಲಾಲಸಾಬ ತೂಕದ ಕಲ್ಲು ಕೈಯಲ್ಲಿ ಹಿಡಿದು ಒಮ್ಮೆ ಅವಳನ್ನು, ಒಮ್ಮೆ ತನ್ನವರನ್ನು ನೋಡುತ್ತ ನಿಂತಿದ್ದ. ಬೆವರು ಅವನ ಗಡ್ಡಕ್ಕೆ ಇಳಿಯುತ್ತಿತ್ತು.

ಕಾಶವ್ವ ತಕ್ಕಡಿಯ ಎದುರಿನ ಜಾಗ ಬಿಡಲಿಲ್ಲ.